ಗಾಜಿನ ಪೆಟ್ಟಿಗೆಯ ಹುಳುಗಳು ಎಲ್ಲಿ ಹೋದವು?

ಪ್ರಶ್ನೆ: ಒಂದೂವರೆ ಅಡಿ ಉದ್ದದ ಟೆರೇರಿಯಂನಲ್ಲಿ (ಗಿಡ ಬೆಳೆಸುವ ಗಾಜಿನ ಪೆಟ್ಟಿಗೆ) ಜರೀಗಿಡ, ಪಾಚಿ ಬೆಳೆಸಿದ್ದೇನೆ. ಎರಡು ತಿಂಗಳ ಹಿಂದೆ 15 ಡ್ವಾರ್ಫ್ ವೈಟ್ ಐಸೊಪಾಡ್ (ಕೊಳೆತ ಎಲೆ ತಿನ್ನುವ ಪುಟ್ಟ ಬಿಳಿ ಹುಳು) ಬಿಟ್ಟೆ, ಈಗ ಒಂದೂ ಕಾಣುತ್ತಿಲ್ಲ. ದಿನಾ ಎರಡು ಹೊತ್ತು ನೀರು ಸಿಂಪಡಿಸುತ್ತೇನೆ. ಕಟ್ಟಿಗೆ ತುಂಡಿಗೆ ಬಿಳಿ ಬೂಷ್ಟು ಹಿಡಿದಿದೆ. ಸತ್ತುಹೋದವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕಾಣದಿದ್ದ ಮಾತ್ರಕ್ಕೆ ಸತ್ತವೆಂದುಕೊಳ್ಳಬೇಡಿ. ಈ ಜಾತಿ ಬೆಳೆದರೂ 3–4 ಮಿ.ಮೀ. ಅಷ್ಟೇ, ಬಹುಪಾಲು ಹೊತ್ತು ಮಣ್ಣೊಳಗೇ ಇರುತ್ತದೆ. ರಾತ್ರಿ ಒಂದು ಬಿಲ್ಲೆ ಸೌತೆಕಾಯಿ ಇಟ್ಟು, ಬೆಳಿಗ್ಗೆ ಎತ್ತಿ ಅದರ ಅಡಿಭಾಗ ನೋಡಿ. ನಾಲ್ಕೈದು ಉಳಿದಿದ್ದರೂ ಸಾಕು, ಇವುಗಳಲ್ಲಿ ಗಂಡಿಲ್ಲದೆಯೇ ಹೆಣ್ಣು ಮರಿ ಹಾಕುತ್ತದೆ.

ಯೋಚನೆ ಹತ್ತಿಸುವುದು ನಿಮ್ಮ ನೀರು. ಐಸೊಪಾಡ್ ಕೀಟವಲ್ಲ, ಏಡಿ–ಸಿಗಡಿಯ ಬಳಗ. ಉಸಿರಾಡುವ ಅಂಗ ಹೊಟ್ಟೆಯ ಅಡಿಯಲ್ಲಿದ್ದು, ಅದಕ್ಕೆ ಸದಾ ತೆಳುವಾದ ತೇವ ಬೇಕು. ಒಣಗಿದರೂ ಕಷ್ಟ, ಕೆಸರಲ್ಲಿ ಸಿಕ್ಕಿದರೂ ಕಷ್ಟ. ಪೆಟ್ಟಿಗೆಯ ಒಂದು ಬದಿಯನ್ನು ಮಾತ್ರ ತೇವವಾಗಿಡಿ, ಇನ್ನೊಂದು ಬದಿ ಬರೀ ಎಲೆ ಹೊದ್ದು ಒಣಗಿರಲಿ. ಹುಳು ತನಗೆ ಬೇಕಾದ ಕಡೆ ಹೋಗುತ್ತದೆ. ಒಂದು ಹಿಡಿ ಮಣ್ಣು ಹಿಂಡಿ ನೋಡಿ: ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತಳದಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿಯೇ ಆಡುತ್ತಿಲ್ಲ. ಆಗ ಎಲ್ಲ ತೆಗೆದು, ತಳಕ್ಕೆ 3 ಸೆಂ.ಮೀ. ಇಟ್ಟಿಗೆ ಚೂರು, ಅದರ ಮೇಲೆ ಸೊಳ್ಳೆ ಜಾಲರಿ, ಆಮೇಲೆ 6 ಸೆಂ.ಮೀ. ಮಣ್ಣು ಹಾಕುವುದೇ ದಾರಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸುವಿರಾದರೆ ಮೂರು ಸಲ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಉಳಿದಿರುವುದುಂಟು.

ಬೂಷ್ಟಿಗೆ ಹೆದರಬೇಡಿ. ಹೊಸ ಕಟ್ಟಿಗೆಗೆ ಅದು ಬಂದೇ ಬರುತ್ತದೆ. ಅದನ್ನು ಮುಖ್ಯವಾಗಿ ತಿನ್ನುವುದು ಸ್ಪ್ರಿಂಗ್‌ಟೇಲ್ ಎಂಬ ಜಿಗಿಯುವ ಪುಟಾಣಿ ಜೀವಿ, ಅವನ್ನೂ ಪೆಟ್ಟಿಗೆಯೊಳಗೆ ಬಿಡಿ. ಐಸೊಪಾಡ್‌ಗೆ ಬೇಕಾದ್ದು ಕೊಳೆಯುವ ಎಲೆ.

ಪ್ರಶ್ನೆ: ಟೆರೇರಿಯಂಗೆ ನಮ್ಮ ತೋಟದ ತರಗೆಲೆ, ಹೂಕುಂಡದ ಅಡಿಯ ಬೂದು ಐಸೊಪಾಡ್ ಹುಳುಗಳನ್ನೇ ಬಳಸಬಹುದೇ?
– ಓದುಗರು, ಮಂಡ್ಯ

ಉತ್ತರ: ಎಲೆ ಬಳಸಿ, ಆದರೆ ಔಷಧಿ ಹೊಡೆದ ಗದ್ದೆಯ ಅಂಚಿನದು ಬೇಡವೇ ಬೇಡ. ಕೀಟನಾಶಕ ಇವುಗಳಿಗೂ ವಿಷ. ಮಾವು, ಹಲಸು, ಬಾದಾಮಿ ಮರದಿಂದ ತಾನಾಗಿ ಉದುರಿ ಕಂದಾದ ಎಲೆ ಒಳ್ಳೆಯದು. ಬೇವು, ನೀಲಗಿರಿ ಬಿಡಿ. ಹತ್ತು ನಿಮಿಷ ಕುದಿಸಿ, ಆರಿಸಿ, ಎರಡು ಬೆರಳು ದಪ್ಪ ಹಾಸಿ. ಎಲೆ ಮುಗಿದರೆ ದೊಡ್ಡ ಜಾತಿಯ ಹುಳುಗಳು ಪಾಚಿ, ಎಳೆ ಚಿಗುರಿಗೆ ಬಾಯಿ ಹಾಕುತ್ತವೆ.

ಕುಂಡದ ಹುಳುಗಳ ಜೊತೆ ನುಸಿ ಬರಬಹುದು. ಗಾಳಿತೂತು ಮಾಡಿದ ಐಸ್‌ಕ್ರೀಂ ಡಬ್ಬಿಯಲ್ಲಿ ಒಂದು ತಿಂಗಳು ಬೇರೆ ಇಟ್ಟು ನೋಡಿ. ಕುದಿಸಿ ಪುಡಿಮಾಡಿದ ಮೊಟ್ಟೆಸಿಪ್ಪೆ ಅರ್ಧ ಚಮಚ ಹಾಕಿ, ಚಿಪ್ಪು ಗಟ್ಟಿಯಾಗಲು ಸುಣ್ಣದಂಶ ಬೇಕು. ಹುಳುವಿನ ಹಿಂದಿನ ಅರ್ಧ ಮಾತ್ರ ಬೆಳ್ಳಗಾಗಿದ್ದರೆ ರೋಗವಲ್ಲ, ಪೊರೆ ಬಿಡುತ್ತಿದೆ. ಮೊದಲು ಹಿಂಭಾಗ, ಆಮೇಲೆ ಮುಂಭಾಗ ಕಳಚುತ್ತದೆ. ಆ ದಿನಗಳಲ್ಲಿ ಮೈ ಮೆತ್ತಗಿರುತ್ತದೆ, ಕೈ ಹಚ್ಚಬೇಡಿ.