ಮಾವ ಹೋದರು, ಡಬ್ಬದ ತುಂಬ ಔಷಧಿ ಉಳಿದಿದೆ. ಏನು ಮಾಡಲಿ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ಹತ್ತಿರದ ಹಳ್ಳಿ. ಗಂಟಲು ಕ್ಯಾನ್ಸರ್ ಆಗಿದ್ದ ನಮ್ಮ ಮಾವ ತೀರಿಕೊಂಡು ಆರು ದಿನವಾಯಿತು. ಕೊನೆಯ ಮೂರು ತಿಂಗಳು ಮನೆಯಲ್ಲೇ ನೋಡಿಕೊಂಡೆವು. ಆಸ್ಪತ್ರೆಯ ನರ್ಸ್ ಬಂದು ಹೋಗುತ್ತಿದ್ದರು. ಈಗ ಬಿಸ್ಕತ್ ಡಬ್ಬದ ತುಂಬ ಔಷಧಿ ಇದೆ. ಜೋರು ನೋವಿಗೆ ಕೊಟ್ಟಿದ್ದ ಮಾರ್ಫಿನ್ ಮಾತ್ರೆಯೇ 34, ಮೈಗೆ ಅಂಟಿಸುವ ನೋವಿನ ಪ್ಯಾಚ್ ಎರಡು, ಜೊತೆಗೆ ವಾಂತಿಗೆ, ನಿದ್ದೆಗೆ ಕೊಟ್ಟಿದ್ದು, ಸಿರಿಂಜು. ಸುಟ್ಟುಬಿಡಿ ಅಂತಾರೆ ಕೆಲವರು. ನಮ್ಮ ನಾದಿನಿ ಮಂಡಿನೋವಿಗೆ 'ಆ ಜೋರು ಮಾತ್ರೆ' ಕೇಳುತ್ತಿದ್ದಾರೆ. ಪಕ್ಕದ ಮನೆಯವರಿಗೆ ಹಸುವಿನ ಕಾಲುನೋವಿಗೆ ಡಬ್ಬದಲ್ಲಿರುವ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಬೇಕಂತೆ. ಇಷ್ಟು ಉಳಿದಿದೆ ಅಂದರೆ ನಾವೇ ಮಾವನಿಗೆ ಕಡಿಮೆ ಕೊಟ್ಟೆವೇನೋ ಅನ್ನೋ ಕೊರಗು ಬೇರೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮನೆ ಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡುವುದೇ ನನ್ನ ಕೆಲಸ. ಔಷಧಿ ಎಲ್ಲಿ ಎಸೆಯಲಿ ಅಂತ ಕೇಳುವವರಲ್ಲಿ ಅರ್ಧ ಜನಕ್ಕೆ ಒಳಗೆ ಈ ಕೊರಗೇ ಇರುತ್ತದೆ.

ಲೆಕ್ಕ ಹಾಕೋಣ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ಹೊತ್ತಿಗೆ ಒಂದರಂತೆ ದಿನಕ್ಕೆ ಆರು. 34 ಅಂದರೆ ಆರು ದಿನಕ್ಕೂ ಸಾಲದು. ಈ ಮಾತ್ರೆ ಎಲ್ಲ ಮೆಡಿಕಲ್ ಸ್ಟೋರ್‌ನಲ್ಲೂ ಸಿಗುವುದಿಲ್ಲ. ಅದಕ್ಕೇ ದೂರದಿಂದ ಬರುವವರಿಗೆ ಎರಡು ಮೂರು ವಾರಕ್ಕೆ ಆಗುವಷ್ಟು ಮೊದಲೇ ಕೊಟ್ಟು ಕಳಿಸುತ್ತಾರೆ. ಗಂಟಲು ಕ್ಯಾನ್ಸರ್‌ನಲ್ಲಿ ಕೊನೆಕೊನೆಗೆ ನುಂಗಲು ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಪ್ಯಾಚ್ ಇದೆ ಅಂದರೆ ಅದೇ ಕಾರಣ ಇರಬೇಕು. ಮಾತ್ರೆ ನಿಲ್ಲಿಸಿ ಪ್ಯಾಚ್ ಹಚ್ಚಿದ ಮೇಲೆ ಮಾತ್ರೆ ಉಳಿಯಲೇಬೇಕು, ಅಲ್ವಾ? ಡಬ್ಬದಲ್ಲಿ ಉಳಿದದ್ದು ನಿಮ್ಮ ತಪ್ಪಿನ ಗುರುತಲ್ಲ.

ಈಗ ಕೆಲಸದ ಮಾತು. ಇನ್ನು ನಾಲ್ಕೈದು ದಿನಕ್ಕೆ ಹನ್ನೊಂದನೇ ದಿನದ ಕಾರ್ಯ. ಮನೆ ತುಂಬ ನೆಂಟರು, ಅವರ ಮಕ್ಕಳು. ಯಾರು ಯಾವ ಕೋಣೆಗೆ ಹೋದರು, ಯಾವ ಡಬ್ಬ ತೆಗೆದರು ಅಂತ ಆಗ ನೋಡೋರು ಯಾರು? ಅದರಲ್ಲೂ ಬಿಸ್ಕತ್ ಡಬ್ಬ! ಅಷ್ಟರೊಳಗೆ ಮಾರ್ಫಿನ್ ಮತ್ತು ಪ್ಯಾಚ್ ಮನೆಯಿಂದ ಹೋಗಿರಬೇಕು. ಉಳಿದದ್ದನ್ನು ಬೀಗ ಹಾಕಿಟ್ಟರೆ ಹದಿನೈದು ದಿನ ಬಿಟ್ಟು ನೋಡಿದರೂ ನಡೆಯುತ್ತದೆ.

ಇವತ್ತೇ ಮನೆಯವರೊಬ್ಬರನ್ನು ಕೂರಿಸಿಕೊಂಡು ಮಾತ್ರೆ ಎಣಿಸಿ, ಒಂದು ಚೀಟಿಯಲ್ಲಿ ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕಿ. ಮನೆಗೆ ಬರುತ್ತಿದ್ದ ನರ್ಸ್‌ಗೆ ಫೋನ್ ಮಾಡಿ. ಮಾರ್ಫಿನ್ ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. 1985ರ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂತು. ಆಮೇಲೆ ಮಾರ್ಫಿನ್, ನೋವಿನ ಪ್ಯಾಚ್‌ಗಳಲ್ಲಿ ಬಳಸುವ ಫೆಂಟನಿಲ್ ಇಂಥವನ್ನು ಮಾನ್ಯತೆ ಪಡೆದ ಆಸ್ಪತ್ರೆಗಳು ರೋಗಿಗಳಿಗೆ ಕೊಡುವುದು ಸುಲಭವಾಯಿತು. ಅವರು ಒಂದೊಂದು ಮಾತ್ರೆಗೂ ಲೆಕ್ಕ ಇಡುತ್ತಾರೆ. ಹಾಗಾಗಿ ವಾಪಸ್ ತಂದುಕೊಟ್ಟರೆ ಯಾರೂ ನಿಮ್ಮನ್ನು ಅನುಮಾನದಿಂದ ನೋಡುವುದಿಲ್ಲ. ರೋಗಿಯ ಹಳೇ ಚೀಟಿ ಜೊತೆಗಿರಲಿ, ಕೊಟ್ಟಿದ್ದಕ್ಕೆ ಬರೆಸಿಕೊಳ್ಳಿ.

ಆಸ್ಪತ್ರೆ ದೂರ, ಕಾರ್ಯದೊಳಗೆ ಹೋಗಲು ಆಗುವುದೇ ಇಲ್ಲ ಅಂದರೆ ಕಕ್ಕಸಿಗೆ ಹಾಕಿ ನೀರು ಸುರಿದುಬಿಡಿ. ಇದು ನನ್ನ ಸ್ವಂತ ಐಡಿಯಾ ಅಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೀಗೆ ಫ್ಲಶ್ ಮಾಡಬೇಕಾದ 17 ಔಷಧಿಗಳ ಪಟ್ಟಿ ಕೊಟ್ಟಿದೆ. ನೋವಿಗೆ ಕೊಡುವ ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ನಿದ್ದೆಗೂ ಕೊಡುವ ಡಯಜೆಪಾಮ್ ಅದರಲ್ಲಿವೆ. ನೀರು ಕೆಡುವುದಿಲ್ಲವೇ ಅಂದರೆ, ಸ್ವಲ್ಪ ಕೆಡಬಹುದು. ಆದರೆ ಮಗು ಒಂದು ಮಾತ್ರೆ ನುಂಗಿದರೂ ಉಸಿರೇ ನಿಂತುಹೋಗಬಹುದು. ಅದಕ್ಕೇ ಇವಕ್ಕೆ ಮಾತ್ರ ಈ ವಿನಾಯಿತಿ.

ಪ್ಯಾಚ್ ಬಗ್ಗೆ ಇನ್ನೂ ಎಚ್ಚರ ಬೇಕು. ಫೆಂಟನಿಲ್ ಪ್ಯಾಚ್ ಅನ್ನು ಮೂರು ದಿನ ಹಚ್ಚಿ ತೆಗೆದ ಮೇಲೂ ಅದರಲ್ಲಿ ಸಾಕಷ್ಟು ಔಷಧಿ ಉಳಿದಿರುತ್ತದೆ. ಸ್ಟಿಕ್ಕರ್ ಅಂದುಕೊಂಡು ಮಕ್ಕಳು ಕೈಗೆ ಅಂಟಿಸಿಕೊಂಡರೆ ಕಷ್ಟ. ಮಾವನ ಹಾಸಿಗೆ, ದಿಂಬಿನ ಕವರ್, ಕಸದ ಬುಟ್ಟಿ ಎಲ್ಲ ಒಮ್ಮೆ ನೋಡಿ. ಬಳಸಿದ್ದಾಗಲಿ, ಹೊಸದಾಗಲಿ, ಅಂಟು ಒಳಗೆ ಬರುವಂತೆ ಮಡಚಿ, ಒತ್ತಿ, ಆಮೇಲೆ ಫ್ಲಶ್ ಮಾಡಿ. ಕೈ ತೊಳೆದುಕೊಳ್ಳಿ.

ನಾದಿನಿಗೆ ಕೊಡಬೇಡಿ. ಮುನಿಸಿಕೊಂಡರೂ ಪರವಾಗಿಲ್ಲ, ನನ್ನ ಹೆಸರು ಹೇಳಿ. ಮಾವನ ಮೈ ವಾರಗಟ್ಟಲೆ ಆ ಮಾತ್ರೆಗೆ ಒಗ್ಗಿತ್ತು. ಅಭ್ಯಾಸವಿಲ್ಲದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಅದೇ ಪ್ರಮಾಣ ಮಂಪರು ತರುತ್ತದೆ, ಉಸಿರಾಟ ನಿಧಾನ ಮಾಡುತ್ತದೆ. ಜೊತೆಗೆ ಮಾರ್ಫಿನ್ ಇನ್ನೊಬ್ಬರ ಕೈಗೆ ಕೊಡುವುದು ಕಾನೂನಿನಲ್ಲೂ ಅಪರಾಧ. ಯಾರಾದರೂ ಅಕಸ್ಮಾತ್ ನುಂಗಿದರೆ ಕಾಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಹಸುವಿಗೂ ಬೇಡ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವೂ ಸಾಯುತ್ತವೆ. ದೇಶದ ರಣಹದ್ದುಗಳಲ್ಲಿ ಬಹುಪಾಲು ಹೀಗೇ ಖಾಲಿಯಾದವು. 2006ರಲ್ಲಿ ದನಗಳಿಗೆ ಆ ಔಷಧಿಯನ್ನು ನಿಷೇಧಿಸಿದರು. ಅದರ ಬದಲಿಗೆ ಕೊಡುವ ಮೆಲಾಕ್ಸಿಕ್ಯಾಂ ಅನ್ನೋ ನೋವಿನ ಔಷಧಿ ಪಶುವೈದ್ಯರ ಹತ್ತಿರ ಇರುತ್ತದೆ, ಅವರನ್ನೇ ಕೇಳಲಿ.

ಇನ್ನು ವಾಂತಿ, ಗ್ಯಾಸ್, ಜ್ವರದ ಮಾತ್ರೆ, ಆಂಟಿಬಯೋಟಿಕ್. ಇವನ್ನು ಕಕ್ಕಸಿಗೆ ಹಾಕಬೇಡಿ, ಚರಂಡಿಗೂ ಬೇಡ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ನಮ್ಮ ಕೆರೆಗಳಿಗೇ ಬಿಡುತ್ತಿದ್ದಾರೆ. ಊರು ಯಾವುದೇ ಇರಲಿ, ಚರಂಡಿಗೆ ಹೋದದ್ದು ಎಲ್ಲೋ ಒಂದು ಕಡೆ ಕುಡಿಯುವವರ ಹತ್ತಿರಕ್ಕೇ ಬರುತ್ತದೆ. ತಿಪ್ಪೆಗೂ ಹಾಕಬೇಡಿ. ಕೋಳಿ, ನಾಯಿ ಕೆದಕುತ್ತವೆ, ಉಳಿದದ್ದು ಗೊಬ್ಬರದ ಜೊತೆ ರಾಗಿ ಹೊಲಕ್ಕೆ ಹೋಗುತ್ತದೆ. ಸುಡುವುದಂತೂ ಬೇಡವೇ ಬೇಡ, ಸ್ಟ್ರಿಪ್ಪಿನ ಪ್ಲಾಸ್ಟಿಕ್ ಹೊಗೆ ನಿಮ್ಮ ಮೂಗಿಗೇ ಬರುತ್ತದೆ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಪುಡಿ ಮಾಡದೆ, ಕಾಫಿ ಚರಟವೋ ಮಣ್ಣೋ ಬೆರೆಸಿ ಬಿಗಿಯಾದ ಡಬ್ಬಕ್ಕೆ ತುಂಬಿ. ಚೀಟಿ ಮೇಲಿನ ಹೆಸರು ಕೆರೆದುಹಾಕಿ. ಕಸದ ಗಾಡಿಯವರಿಗೆ ಬೇರೆಯಾಗಿ, ಹೇಳಿ ಕೊಡಿ. ನಿಮ್ಮೂರಿಗೆ ಗಾಡಿ ಬರದಿದ್ದರೆ ಮುಳಬಾಗಿಲಿಗೆ ಹೋಗುವಾಗ ಒಯ್ಯಿರಿ.

ಡಬ್ಬದಲ್ಲಿ ಕ್ಯಾನ್ಸರ್‌ಗೇ ಕೊಟ್ಟ ಕೀಮೋ ಮಾತ್ರೆ ಇದ್ದರೆ ಈ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಬರಿಗೈಯಲ್ಲಿ ಮುಟ್ಟದೆ, ಸ್ಟ್ರಿಪ್ ಸಮೇತ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ತಲುಪಿಸಿ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ನರ್ಸ್ ಬಂದಾಗ ಕೊಡಿ.

ಒಡೆಯದ ಡೈಪರ್ ಪ್ಯಾಕೆಟ್, ಗಾಳಿ ಹಾಸಿಗೆ ಏನಾದರೂ ಇದ್ದರೆ ಅದನ್ನೂ ನರ್ಸ್‌ಗೆ ಹೇಳಿ. ಯಾವ ಮನೆಗೆ ಬೇಕಾಗಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.