ಅಲುಗಾಡುವುದೇ ಪ್ರಾಣಿಯ ಗುರುತಲ್ಲ

ನಮಸ್ಕಾರ. ‘ಪ್ರಾಣಿ ಎಂದರೇನು?’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ಕೈಬಿಡಬೇಡಿ, ನಿಮ್ಮ ನಿಜವಾದ ಲೇಖನ ಭ್ರೂಣದ ಬೆಳವಣಿಗೆ ಹೇಳುವ ಕೊನೆಯ ಪುಟದಲ್ಲಿದೆ.

‘ಚಲಿಸುವುದೆಲ್ಲ ಪ್ರಾಣಿ’ ಎಂದು ಆರಂಭಿಸಿದ್ದೀರಿ. ಮುಟ್ಟಿದರೆ ಮುನಿಯೂ ಅಲುಗುತ್ತದೆ, ಅದು ಗಿಡ. ಬೆಳೆದ ಸ್ಪಂಜು ಬಂಡೆಗೆ ಅಂಟಿ ಕೂತಲ್ಲೇ ಕೂತಿರುತ್ತದೆ, ಅದು ಪ್ರಾಣಿ. ಆಹಾರವನ್ನು ಹೊರಗಿನಿಂದ ಪಡೆಯುವುದೊಂದೇ ಗುರುತು ಎನ್ನೋಣವೆಂದರೆ ಅಣಬೆಯೂ ಅಷ್ಟೇ ಮಾಡುತ್ತದೆ. ಆದರೆ ಅಣಬೆಯ ಜೀವಕೋಶಕ್ಕೆ ಗಟ್ಟಿ ಭಿತ್ತಿಯಿದೆ, ಪ್ರಾಣಿಯದಕ್ಕಿಲ್ಲ. ಭಿತ್ತಿಯಿಲ್ಲದ್ದರಿಂದಲೇ ಭ್ರೂಣದ ಜೀವಕೋಶಗಳು ಜಾಗ ಬದಲಿಸಬಲ್ಲವು. ಇದನ್ನು ಹಿಡಿದುಕೊಂಡರೆ ನಿಮ್ಮ ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ನಂಟು ಬೀಳುತ್ತದೆ.

ಆ ಕೊನೆಯ ಪುಟದಲ್ಲಿ ಬ್ಲಾಸ್ಟುಲಾ, ಗ್ಯಾಸ್ಟ್ರುಲಾ ಎಂಬ ಹೆಸರುಗಳನ್ನಷ್ಟೇ ಬರೆದು ಮುಗಿಸಿದ್ದೀರಿ. ಓದುಗ ಅಲ್ಲೇ ಕೈಬಿಡುತ್ತಾನೆ. ನಡೆಯುವುದನ್ನು ತೋರಿಸಿ. ಫಲಿತ ಅಂಡ ಒಡೆದು ಒಡೆದು ಜೀವಕೋಶಗಳ ಗುಂಪಾಗುತ್ತದೆ, ಅನೇಕ ಪ್ರಾಣಿಗಳಲ್ಲಿ ಟೊಳ್ಳು ಚೆಂಡಾಗುತ್ತದೆ; ಇದೇ ಬ್ಲಾಸ್ಟುಲಾ. ಆಮೇಲೆ ಹೊರಗಿದ್ದ ಕೆಲವು ಜೀವಕೋಶಗಳು ಒಳಕ್ಕೆ ಸರಿಯುತ್ತವೆ; ಇದು ಗ್ಯಾಸ್ಟ್ರುಲಾ ಹಂತ. ನಮ್ಮಲ್ಲಿ ಹೀಗೆ ಮೂರು ಪದರಗಳು ಏಳುತ್ತವೆ: ಹೊರಪದರದಿಂದ ಮೇಲ್ಚರ್ಮ, ಮಿದುಳು, ನಡುಪದರದಿಂದ ಸ್ನಾಯು, ರಕ್ತ, ಹೃದಯ, ಒಳಪದರದಿಂದ ಕರುಳಿನ ಒಳಹೊದಿಕೆ. ಲೋಳೆಮೀನಿಗೆ ಎರಡೇ ಪದರ.

ಉದಾಹರಣೆಗೆ ಕೋಳಿಮೊಟ್ಟೆಯನ್ನೇ ತೆಗೆದುಕೊಳ್ಳಿ, ನಮ್ಮ ಓದುಗರಿಗೆ ಅದು ಗೊತ್ತು. ‘ಕಾವು ಕೊಟ್ಟ ಮೇಲೆ ಬೆಳವಣಿಗೆ ಶುರು’ ಎಂಬ ನಿಮ್ಮ ಮಾತು ತಪ್ಪು. ಫಲಿತ ಮೊಟ್ಟೆ ಹೊರಬೀಳುವ ಹೊತ್ತಿಗೇ ಅದರೊಳಗೆ ಸಾವಿರಾರು ಜೀವಕೋಶಗಳಾಗಿರುತ್ತವೆ. ಕಾವಿಲ್ಲದಿದ್ದರೆ ಬೆಳವಣಿಗೆ ತಡೆದು ನಿಲ್ಲುತ್ತದೆ. ಕಾವು ಸಿಕ್ಕ ಎರಡನೆಯ ದಿನವೇ ಹೃದಯ ಮಿಡಿಯತೊಡಗುತ್ತದೆ, ಸುಮಾರು 21ನೇ ದಿನ ಮರಿ ಹೊರಬರುತ್ತದೆ. ಇಷ್ಟನ್ನು ನಿಧಾನವಾಗಿ, ದಿನದಿನಕ್ಕೆ ಬಿಡಿಸಿ ಬರೆಯಿರಿ.

‘ಮನುಷ್ಯನ ಭ್ರೂಣ ಮೊದಲು ಮೀನಾಗಿರುತ್ತದೆ’ ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಇದು ಜರ್ಮನ್ ಜೀವವಿಜ್ಞಾನಿ ಹೆಕೆಲ್ ಜನಪ್ರಿಯಗೊಳಿಸಿದ ವಿಚಾರ. ವಿಜ್ಞಾನ ಅದನ್ನು ಬಿಟ್ಟು ಬಹಳ ಕಾಲವಾಯಿತು. ಭ್ರೂಣ ಹೋಲುವುದು ಇತರ ಭ್ರೂಣಗಳನ್ನು, ಬೆಳೆದ ಮೀನನ್ನಲ್ಲ ಎಂದು ಭ್ರೂಣವಿಜ್ಞಾನಿ ಫಾನ್ ಬೇಯರ್ 1828ರಲ್ಲೇ ಬರೆದಿದ್ದರು. ಮೀನಿನಲ್ಲಿ ಕಿವಿರುಗಳಿಗೆ ಆಧಾರವಾಗುವ ಭ್ರೂಣದ ಕಮಾನುಗಳು ನಮ್ಮಲ್ಲಿ ದವಡೆ, ಕಿವಿಯ ಪುಟ್ಟ ಮೂಳೆ, ಧ್ವನಿಪೆಟ್ಟಿಗೆಯ ಭಾಗಗಳಾಗುತ್ತವೆ. ನಿಜ ಸಂಗತಿ ಹೆಚ್ಚು ಸೊಗಸಾಗಿದೆ, ನೋಡಿ.

ಜರ್ಮನ್ ಭ್ರೂಣವಿಜ್ಞಾನಿ ಸ್ಪೀಮನ್ ಹೆಸರಿನ ಪಕ್ಕದಲ್ಲಿ ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಹೆಸರು ಬರಲೇಬೇಕು. ನ್ಯೂಟ್ ಎಂಬ ಬಾಲವುಳ್ಳ ಉಭಯಚರದ ಭ್ರೂಣದ ಒಂದು ತುಣುಕನ್ನು ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿ, ಅಲ್ಲಿ ಎರಡನೆಯ ಭ್ರೂಣದೇಹವೇ ಮೂಡುವಂತೆ ಮಾಡಿದ ಕೈ ಆಕೆಯದು. ಆ ಪ್ರಯೋಗದ ಪ್ರಬಂಧ ಅಚ್ಚಾದ 1924ರಲ್ಲೇ ಹಿಲ್ಡೆ ತೀರಿಕೊಂಡರು; 1935ರ ನೊಬೆಲ್ ಸ್ಪೀಮನ್‌ಗೆ ಬಂತು.

ಮೊದಲ ಮೂರು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ, ಮೊಟ್ಟೆಯಿಂದ ಶುರುಮಾಡಿ ಮತ್ತೆ ಕಳಿಸಿ. ಓದಲು ಕಾಯುತ್ತಿರುತ್ತೇನೆ.

— ಸಂಪಾದಕ