ರೂಮಿನಲ್ಲಿ ವೈಫೈ ಇಲ್ಲ, ಗೋಡೆಯಲ್ಲಿ ಒಂದೇ ಸಾಕೆಟ್: ಜರ್ಮನಿಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ, ನೀನು ಬರೆದದ್ದನ್ನು ಓದಿದೆ. ತಿಪಟೂರಿನಿಂದ ಬಂದು ಒಂಬತ್ತು ದಿನ ಆಗಿದೆ. ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿ, ಅಂದರೆ ಇಲ್ಲಿನವರು ವೋನ್‌ಹೈಮ್ ಅನ್ನುವುದರಲ್ಲಿ, ರೂಮು ಸಿಕ್ಕಿದೆ. ವೈಫೈ ಇಲ್ಲ. ಗೋಡೆಯಲ್ಲಿ ಒಂದು ಲ್ಯಾನ್ ಸಾಕೆಟ್ ಇದೆ, ಅಷ್ಟೇ. ಲ್ಯಾಪ್‌ಟಾಪಿಗೆ ನೆಟ್ ಬರುತ್ತದೆ, ಫೋನಿಗೆ ಬರುವುದಿಲ್ಲ. ಅಮ್ಮನ ಜೊತೆ ನಾಲ್ಕು ದಿನ ವಿಡಿಯೋ ಕಾಲ್ ಮಾಡುವಷ್ಟರಲ್ಲಿ ಪ್ರಿಪೇಯ್ಡ್ ಸಿಮ್‌ನ ಡೇಟಾ ಖಾಲಿ. "ಅಕ್ಕ, ಲ್ಯಾಪ್‌ಟಾಪನ್ನೇ ಹಾಟ್‌ಸ್ಪಾಟ್ ಮಾಡಬಹುದಾ? ಪಕ್ಕದ ರೂಮಿನ ಹುಡುಗನೂ ಕೇಳುತ್ತಿದ್ದಾನೆ, ಅವನಿಗೂ ಕೊಡಬಹುದಾ?" ಅಂತ ಕೇಳಿದ್ದೀಯ.

ಮೊದಲನೆಯದಕ್ಕೆ ಹೌದು, ಹತ್ತು ನಿಮಿಷದ ಕೆಲಸ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ. ಟೀ ಮಾಡಿಕೊಂಡು ಬಂದು ಓದು.

ನಾನು ಬಂದದ್ದು 2011ರಲ್ಲಿ. ನನ್ನ ರೂಮೂ ಹೀಗೇ ಇತ್ತು. ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಆಫೀಸಿನಲ್ಲಿ ನೋಂದಾಯಿಸಬೇಕಿತ್ತು. ಒಂದು ರೂಮಿಗೆ ಒಂದೇ ಯಂತ್ರ. ಕೇಬಲ್ ಗಿಡ್ಡ ಇದ್ದದ್ದರಿಂದ ಮೇಜಿನ ಹತ್ತಿರ ಮಾತ್ರ ನೆಟ್. ರಾತ್ರಿ ಅಮ್ಮನ ಜೊತೆ ಸ್ಕೈಪಿನಲ್ಲಿ ಮಾತಾಡುತ್ತಾ ಅಡುಗೆ ಮಾಡೋಣ ಅಂದರೆ ಆಗುತ್ತಿರಲಿಲ್ಲ. ಸಾರು ಹೇಗಾಯಿತು ಅಂತ ಕೇಳಿದಾಗ ತೋರಿಸಲೂ ಆಗುತ್ತಿರಲಿಲ್ಲ. ಬೇರೆಯವರಿಗೆ ಇದು ಸಣ್ಣ ವಿಷಯ. ಊರು ಬಿಟ್ಟು ಬಂದ ಮೊದಲ ತಿಂಗಳಲ್ಲಿ ಅದು ಸಣ್ಣದಲ್ಲ. ಅದಕ್ಕೇ ನಿನಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ಸುಲಭ ಅಂತ ಇಪ್ಪತ್ತು ಯೂರೋ ಕೊಟ್ಟು ಒಂದು ರೂಟರ್ ತಂದೆ. ಗೋಡೆಯಿಂದ ಬಂದ ಕೇಬಲನ್ನು ತಪ್ಪು ತೂತಿಗೆ ಚುಚ್ಚಿದೆ. ಇಂಟರ್ನೆಟ್ ಒಳಗೆ ಬರಬೇಕಾದ ಜಾಗಕ್ಕಲ್ಲ, ಹೊರಗೆ ಹಂಚುವ ಜಾಗಕ್ಕೆ. ನೆಟ್‌ವರ್ಕಿಗೆ ಸೇರುವ ಪ್ರತಿ ಯಂತ್ರವೂ "ನನ್ನ ವಿಳಾಸ ಏನು?" ಅಂತ ಕೇಳುತ್ತದೆ. ಹಾಸ್ಟೆಲಿನ ಸರ್ವರ್ ಉತ್ತರ ಹೇಳಬೇಕು. ಅದಕ್ಕಿಂತ ಮೊದಲು ನನ್ನ ರೂಟರ್ ಉತ್ತರ ಹೇಳಲು ಶುರು ಮಾಡಿತು. ನಮ್ಮ ಮಹಡಿಯಲ್ಲಿ ಇಡೀ ಸಂಜೆ ನೆಟ್ ಇಲ್ಲ. ಮರುದಿನ ಪರೀಕ್ಷೆ ಇದ್ದವರೂ ಇದ್ದರು. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿಗಳು ಹುಡುಕಿಕೊಂಡು ನನ್ನ ಬಾಗಿಲಿಗೆ ಬಂದರು. ಒಂದು ವಾರ ನನ್ನ ಸಾಕೆಟ್ ಬಂದ್ ಮಾಡಿದರು. ಅವರದು ಸರಿಯೇ ಇತ್ತು. ಎಷ್ಟೋ ಹಾಸ್ಟೆಲುಗಳಲ್ಲಿ ಸ್ವಂತ ರೂಟರ್ ಬೇಡ ಅನ್ನುವ ನಿಯಮ ಇರುವುದು ಇದಕ್ಕೇ.

ಹಾಗಾಗಿ ಮೊದಲ ಕೆಲಸ: ಬಾಡಿಗೆ ಒಪ್ಪಂದದ ಜೊತೆ ಕೊಟ್ಟ ಕಾಗದಗಳಲ್ಲಿ ಇಂಟರ್ನೆಟ್ ಬಳಕೆಯ ನಿಯಮ ಅಂತ ಒಂದು ಹಾಳೆ ಇರುತ್ತದೆ. ಜರ್ಮನ್‌ನಲ್ಲಿದ್ದರೆ ಅನುವಾದದ ಆ್ಯಪ್‌ಗೆ ಹಾಕಿ ಓದು. ಸ್ವಂತ ರೂಟರ್ ಇಡಬಹುದೇ, ನಿನ್ನ ಬೇರೆ ಸಾಧನಗಳಿಗೆ ಹಂಚಿಕೊಳ್ಳಬಹುದೇ, ಬೇರೆಯವರಿಗೆ ಕೊಡಬಹುದೇ, ಈ ಮೂರೂ ಬೇರೆ ಬೇರೆ ಪ್ರಶ್ನೆ. ಹಾಳೆಯಲ್ಲಿ ಉತ್ತರ ಸಿಗದಿದ್ದರೆ ಇಮೇಲ್ ಬರೆದು ಕೇಳು. ಇಲ್ಲಿ ಬರಹದಲ್ಲಿ ಬಂದ ಉತ್ತರಕ್ಕೆ ತುಂಬಾ ಬೆಲೆ.

ನಿನ್ನ ಫೋನಿಗೆ ಹಂಚಿಕೊಳ್ಳಬಹುದು ಅಂತಾದರೆ ಲ್ಯಾಪ್‌ಟಾಪ್ ಸಾಕು, ಏನೂ ಕೊಳ್ಳಬೇಕಾಗಿಲ್ಲ. ನೀನು ವಿಂಡೋಸ್ 11 ಅಂದಿದ್ದೀಯ. ಕೇಬಲ್ ಹಾಕಿ ನೆಟ್ ಬರುತ್ತಿದೆಯಾ ನೋಡು. ಆಮೇಲೆ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅದರಲ್ಲಿ ಮೊಬೈಲ್ ಹಾಟ್‌ಸ್ಪಾಟ್. ಎರಡು ಸಾಲು ಕಾಣುತ್ತದೆ. ಯಾವ ಸಂಪರ್ಕವನ್ನು ಹಂಚಬೇಕು ಅನ್ನುವಲ್ಲಿ ಈಥರ್ನೆಟ್, ಅಂದರೆ ಕೇಬಲ್. ಯಾವುದರ ಮೂಲಕ ಹಂಚಬೇಕು ಅನ್ನುವಲ್ಲಿ ವೈಫೈ. ಇವು ಅದಲು ಬದಲು ಆಗಬಾರದು. ಹೆಸರು, ಪಾಸ್‌ವರ್ಡ್ ಬದಲಿಸಿ, ಮೇಲಿನ ಬಟನ್ ಒತ್ತು. ಫೋನಿನಲ್ಲಿ ನಿನ್ನ ಹೆಸರಿನ ವೈಫೈ ಬರುತ್ತದೆ. ಎಂಟು ಸಾಧನಗಳವರೆಗೆ ಸೇರಿಸಬಹುದು. ಪಾಸ್‌ವರ್ಡ್ ಕನಿಷ್ಠ ಎಂಟು ಅಕ್ಷರ ಬೇಕು, ನೀನು ಹದಿನೈದಾದರೂ ಇಡು. ಹುಟ್ಟಿದ ದಿನ, ಊರಿನ ಹೆಸರು ಬೇಡ.

ನಾನಿದ್ದಾಗ ವಿಂಡೋಸ್ 7. ಈ ಬಟನ್ ಇರಲಿಲ್ಲ. ಕಪ್ಪು ಪರದೆ ತೆರೆದು ನೆಟ್‌ಶ್ ಅಂತ ಶುರುವಾಗುವ ಉದ್ದದ ಸಾಲು ಟೈಪ್ ಮಾಡಬೇಕಿತ್ತು. ಲ್ಯಾಪ್‌ಟಾಪ್ ಪ್ರತಿ ಸಲ ರೀಸ್ಟಾರ್ಟ್ ಆದಾಗಲೂ ಮತ್ತೆ ಮೊದಲಿನಿಂದ. 2016ರಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟಿನಲ್ಲಿ ಈ ಬಟನ್ ಬಂತು. ಹಳೆಯ ಸಲಹೆಗಳಲ್ಲಿ ಆ ಸಾಲು ಈಗಲೂ ಸಿಗುತ್ತದೆ. ಅದು ನಿನಗೆ ಬೇಡ. ಹಾಟ್‌ಸ್ಪಾಟ್ ಮಾಡಿಕೊಡುತ್ತೇವೆ ಅನ್ನುವ ಪುಕ್ಕಟೆ ಸಾಫ್ಟ್‌ವೇರುಗಳೂ ಬೇಡವೇ ಬೇಡ. ವಿಂಡೋಸ್‌ನಲ್ಲೇ ಇರುವುದಕ್ಕೆ ಹೊರಗಿನವರನ್ನು ಯಾಕೆ ಒಳಗೆ ಬಿಡಬೇಕು?

ಮೂರು ತೊಂದರೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ನಿದ್ದೆಗೆ ಹೋದರೆ ಹಾಟ್‌ಸ್ಪಾಟೂ ಹೋಗುತ್ತದೆ. ಅಮ್ಮ ಮಾತಿನ ಮಧ್ಯೆ ನಿಂತುಬಿಡುತ್ತಾರೆ. ಚಾರ್ಜರ್ ಹಾಕಿದ್ದಾಗ ಮುಚ್ಚಳ ಮುಚ್ಚಿದರೂ ಮಲಗಬೇಡ ಅಂತ ಪವರ್ ಸೆಟ್ಟಿಂಗ್‌ನಲ್ಲಿ ಬದಲಿಸು. ಆದರೆ ಮುಚ್ಚಿದ ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡಬೇಡ, ಬಿಸಿಯಾಗುತ್ತದೆ. ಹಾಟ್‌ಸ್ಪಾಟ್ ಪುಟದಲ್ಲೇ ಪವರ್ ಸೇವಿಂಗ್ ಅಂತ ಒಂದಿದೆ. ಯಾರೂ ಸೇರಿಲ್ಲದಿದ್ದರೆ ತಾನೇ ಆರಿಹೋಗುವುದು ಅದರಿಂದ. ಎರಡನೆಯದು ವಿಪಿಎನ್, ಅಂದರೆ ಹೊರಗಿನಿಂದ ಯೂನಿವರ್ಸಿಟಿಯ ನೆಟ್‌ವರ್ಕಿಗೆ ಸೇರಿಸುವ ದಾರಿ. ಯೂನಿವರ್ಸಿಟಿಯ ವಿಪಿಎನ್ ಹಾಕಿದಾಗ ಫೋನಿನ ನೆಟ್ ಒಮ್ಮೊಮ್ಮೆ ನಿಲ್ಲುತ್ತದೆ. ಲೈಬ್ರರಿ ಕೆಲಸ ಮುಗಿದ ಮೇಲೆ ವಿಪಿಎನ್ ತೆಗೆ. ಮೂರನೆಯದು, ವೈಫೈಯ ಎರಡು ಬಗೆಯ ತರಂಗ, 5 ಗಿಗಾಹರ್ಟ್ಸ್ ಮತ್ತು 2.4ರ ಆಯ್ಕೆ. ಐದು ಜೋರು, ಆದರೆ ಗೋಡೆ ದಾಟುವುದು ಕಷ್ಟ. 2.4 ಗೋಡೆ ದಾಟುತ್ತದೆ. ಆದರೆ ಅಕ್ಕಪಕ್ಕದವರ ವೈಫೈ, ಬ್ಲೂಟೂತ್ ಎಲ್ಲ ಅಲ್ಲೇ ಕಿಕ್ಕಿರಿದಿರುತ್ತವೆ. ನಿನ್ನ ರೂಮಿನೊಳಗೆ ಮಾತ್ರ ಬೇಕಾದ್ದರಿಂದ ಐದನ್ನೇ ಇಡು.

ಮ್ಯಾಕ್‌ಬುಕ್ ಇರುವವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಶೇರಿಂಗ್, ಅದರಲ್ಲಿ ಇಂಟರ್ನೆಟ್ ಶೇರಿಂಗ್. ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ತೂತೇ ಇರುವುದಿಲ್ಲ, ಯುಎಸ್‌ಬಿ-ಸಿ ಅಡಾಪ್ಟರ್ ಬೇಕು. ಉಬುಂಟುವಿನಲ್ಲಿ ವೈಫೈ ಸೆಟ್ಟಿಂಗ್ಸ್‌ನ ಮೂರು ಚುಕ್ಕೆಯೊಳಗೇ ಹಾಟ್‌ಸ್ಪಾಟ್ ಇದೆ.

ಈಗ ಪಕ್ಕದ ರೂಮಿನ ಹುಡುಗನ ವಿಷಯಕ್ಕೆ ಬರುತ್ತೇನೆ.

ಹಾಟ್‌ಸ್ಪಾಟ್ ಒಳಗೆ ನಡೆಯುವುದು ಇಷ್ಟು. ಒಂದು ದೊಡ್ಡ ಮನೆ. ಒಂದೇ ಮನೆ ನಂಬರು. ಒಳಗೆ ಹತ್ತು ಜನ. ಹೊರಗಿನಿಂದ ಬಂದ ಪತ್ರವನ್ನೆಲ್ಲ ಬಾಗಿಲಲ್ಲಿ ಅಜ್ಜ ತೆಗೆದುಕೊಂಡು ಅವರವರಿಗೆ ಹಂಚುತ್ತಾರೆ. ನಿನ್ನ ಲ್ಯಾಪ್‌ಟಾಪ್ ಆ ಅಜ್ಜನ ಕೆಲಸ ಮಾಡುತ್ತದೆ. ನಿನ್ನ ಫೋನಿಗೆ 192.168.137 ಅಂತ ಶುರುವಾಗುವ ಒಳಗಿನ ವಿಳಾಸ ಕೊಡುತ್ತದೆ. ಹೊರಗಿನವರಿಗೆ ಕಾಣುವುದು ಲ್ಯಾಪ್‌ಟಾಪ್ ಒಂದೇ. ಅದು ನೋಂದಣಿ ಆಗಿರುವುದು ನಿನ್ನ ಹೆಸರಿನಲ್ಲಿ. ಪಕ್ಕದ ಹುಡುಗ ಏನು ಮಾಡಿದರೂ ಹಾಸ್ಟೆಲಿನ ಲೆಕ್ಕದಲ್ಲಿ ಅದು ನೀನು ಮಾಡಿದ್ದು.

ನಮ್ಮೂರಲ್ಲಿ ಇದರಿಂದ ಏನಾದೀತು ಅನ್ನಿಸಬಹುದು. ಇಲ್ಲಿ ಆಗುತ್ತದೆ. ನನ್ನ ಜೊತೆ ಓದುತ್ತಿದ್ದ ಒಬ್ಬರು ಫ್ಲಾಟ್ ಮಾಡಿಕೊಂಡಿದ್ದರು. ಊರಿನಿಂದ ಬಂದಿದ್ದ ಸ್ನೇಹಿತನಿಗೆ ವೈಫೈ ಪಾಸ್‌ವರ್ಡ್ ಕೊಟ್ಟರು. ಅವನು ಟೊರೆಂಟ್‌ನಲ್ಲಿ ಒಂದು ಸಿನಿಮಾ ಇಳಿಸಿಕೊಂಡ. ಅವನು ವಾಪಸ್ ಹೋಗಿ ಎಷ್ಟೋ ವಾರದ ಮೇಲೆ ಒಂದು ವಕೀಲರ ಕಚೇರಿಯಿಂದ ದಪ್ಪ ಲಕೋಟೆ ಬಂತು. ಯಾವ ದಿನ, ಎಷ್ಟು ಗಂಟೆ, ಎಷ್ಟು ನಿಮಿಷ, ಯಾವ ಸಿನಿಮಾ, ಎಲ್ಲ ಅದರಲ್ಲಿತ್ತು. ನೂರಾರು ಯೂರೋ ಕಟ್ಟಬೇಕು ಅಂತ ಇತ್ತು. ಇದಕ್ಕೆ ಇಲ್ಲಿ ಆಬ್‌ಮಾನುಂಗ್ ಅನ್ನುತ್ತಾರೆ. ಅವರು ಪಾರ್ಟ್‌ಟೈಮ್ ಕೆಲಸದಲ್ಲಿ ಕೂಡಿಟ್ಟಿದ್ದ ದುಡ್ಡು ಅದರಲ್ಲಿ ಹೋಯಿತು. ಅಡುಗೆಮನೆಯಲ್ಲಿ ಆ ಕಾಗದ ಹಿಡಿದು ಅವರು ಕೂತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಟೊರೆಂಟ್ ಯಾಕೆ ಸಿಕ್ಕಿಬೀಳುತ್ತದೆ ಗೊತ್ತಾ? ಅದರಲ್ಲಿ ನೀನು ಇಳಿಸಿಕೊಳ್ಳುತ್ತಿರುವಾಗಲೇ ನಿನ್ನ ಯಂತ್ರ ಬೇರೆಯವರಿಗೂ ತುಂಡು ತುಂಡಾಗಿ ಕಳಿಸುತ್ತಿರುತ್ತದೆ. ಅಂದರೆ ನೀನು ನೋಡುವವನಷ್ಟೇ ಅಲ್ಲ, ಹಂಚುವವನೂ ಆದೆ. ಹಂಚುವವರ ವಿಳಾಸ ಆ ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ಸಿನಿಮಾದ ಹಕ್ಕು ಇರುವವರ ಪರವಾಗಿ ನೋಡುವವರೂ ಅಲ್ಲೇ ಕೂತಿರುತ್ತಾರೆ.

ಕಾನೂನು ಸ್ವಲ್ಪ ಸಡಿಲವಾಗಿದೆ, ಅದನ್ನೂ ಹೇಳಬೇಕು. ಮೊದಲು ಬೇರೆಯವರು ನಿನ್ನ ವೈಫೈಯಲ್ಲಿ ತಪ್ಪು ಮಾಡಿದರೂ ನಿನ್ನ ಮೇಲೆ ಹೊಣೆ ಬರುತ್ತಿತ್ತು. ಮನೆಯ ವೈಫೈಗೆ ಸರಿಯಾದ ಭದ್ರತೆ ಇಡದವನೂ ಹೊಣೆ ಹೊರಬೇಕು ಅಂತ ಕಾರ್ಲ್ಸ್‌ರೂಹೆಯಲ್ಲಿರುವ ಫೆಡರಲ್ ನ್ಯಾಯಾಲಯ ಮೇ 2010ರಲ್ಲಿ ಹೇಳಿತ್ತು. 2017ರಲ್ಲಿ ಕಾನೂನು ಬದಲಾಯಿತು, ವೈಫೈ ಹಂಚುವವರ ಭಾರ ಕಡಿಮೆಯಾಯಿತು. ಆದರೂ ಪತ್ರ ಬರುವುದು ಸಂಪರ್ಕ ಯಾರ ಹೆಸರಲ್ಲಿದೆಯೋ ಅವರಿಗೇ. ನಾನಲ್ಲ ಅಂತ ವಿವರಿಸುವ ಕಷ್ಟ ಅವರದ್ದೇ. ಹಾಸ್ಟೆಲ್‌ನಲ್ಲಿ ಇನ್ನೊಂದು ಇದೆ. ಕೋರ್ಟಿನವರೆಗೆ ಹೋಗುವ ಮೊದಲೇ ಸಾಕೆಟ್ ಬಂದ್ ಮಾಡುತ್ತಾರೆ.

ಯಾವತ್ತಾದರೂ ಅಂಥ ಪತ್ರ ಬಂದರೆ ಹೆದರಿ ದುಡ್ಡು ಕಟ್ಟಬೇಡ, ಜೊತೆಗಿರುವ ಕಾಗದಕ್ಕೆ ಸಹಿ ಹಾಕಬೇಡ, ಬಿಸಾಡಲೂ ಬೇಡ. ಅದರಲ್ಲಿ ಕೊನೆಯ ದಿನಾಂಕ ಇರುತ್ತದೆ, ಅದಕ್ಕೆ ಮೊದಲು ಯಾರನ್ನಾದರೂ ಕೇಳಬೇಕು. ಎಷ್ಟೋ ಯೂನಿವರ್ಸಿಟಿಗಳ ವಿದ್ಯಾರ್ಥಿ ಸಂಘಗಳಲ್ಲಿ ಕಾನೂನು ಸಲಹೆ ಪುಕ್ಕಟೆ ಸಿಗುತ್ತದೆ. ಗ್ರಾಹಕರಿಗೆ ಸಲಹೆ ಕೊಡುವ ಫೆರ್‌ಬ್ರೌಖರ್‌ಸೆಂಟ್ರಾಲೆ ಅನ್ನುವ ಕೇಂದ್ರ ದೊಡ್ಡ ಊರುಗಳಲ್ಲೆಲ್ಲ ಇದೆ.

ಹಾಗಾದರೆ ಪಕ್ಕದ ಹುಡುಗನಿಗೆ ಇಲ್ಲ ಅನ್ನಬೇಕಾ? ನಾನಾಗಿದ್ದರೆ ಪಾಸ್‌ವರ್ಡ್ ಕೊಡುತ್ತಿರಲಿಲ್ಲ. ಅವನ ರೂಮಿನಲ್ಲೂ ಅದೇ ಸಾಕೆಟ್ ಇದೆ ಅಲ್ವಾ? ಅವನ ಲ್ಯಾಪ್‌ಟಾಪಿನಲ್ಲೂ ಇದೇ ಬಟನ್ ಇದೆ. ಹೋಗಿ ಕೂತು ಮಾಡಿಕೊಡು. ಅವನ ನೆಟ್ ಅವನ ಹೆಸರಲ್ಲಿ ಇರುತ್ತದೆ. ಅವನ ನೋಂದಣಿ ಇನ್ನೂ ಆಗಿಲ್ಲ, ಮನೆಗೆ ಫೋನ್ ಮಾಡಲು ಆಗುತ್ತಿಲ್ಲ ಅಂದರೆ ನಿನ್ನ ರೂಮಿಗೆ ಕರೆದು ನಿನ್ನ ಫೋನಿನಲ್ಲೇ ಮಾತಾಡಿಸು. ನಮ್ಮಜ್ಜಿ ದಾಕ್ಷಿಣ್ಯಕ್ಕೆ ಬಸುರಾಗಬಾರದು ಅನ್ನುತ್ತಿದ್ದರು. ಇಲ್ಲಿ ಆ ಮಾತು ನನಗೆ ಬಹಳ ಸಲ ನೆನಪಾಗಿದೆ. ಇಲ್ಲ ಅಂತ ನೇರವಾಗಿ ಹೇಳಿದರೆ ಈ ದೇಶದಲ್ಲಿ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ನಮ್ಮವರಿಗೆ ಹೇಳುವುದೇ ಕಷ್ಟ. ಕಾರಣ ಹೇಳಿ, ಜೊತೆಗೆ ಸಹಾಯ ಮಾಡಿದರೆ ಅವರಿಗೂ ಅರ್ಥ ಆಗುತ್ತದೆ.

ಇನ್ನೊಂದು. ಕ್ಯಾಂಪಸ್‌ಗೆ ಹೋದಾಗ ಎಡುರೋಮ್ ಅಂತ ವೈಫೈ ಕಾಣುತ್ತದೆ. ನಿನ್ನ ಯೂನಿವರ್ಸಿಟಿಯ ಲಾಗಿನ್‌ನಿಂದಲೇ ಅದಕ್ಕೆ ಸೇರಬೇಕು. ಒಮ್ಮೆ ಸರಿಯಾಗಿ ಹಾಕಿಕೊಂಡರೆ ಯೂರೋಪಿನ ಬೇರೆ ಯೂನಿವರ್ಸಿಟಿಗಳಲ್ಲೂ ಫೋನು ತಾನೇ ಸೇರಿಕೊಳ್ಳುತ್ತದೆ. ತುಂಬಾ ಒಳ್ಳೆಯ ವ್ಯವಸ್ಥೆ. ಆ ಲಾಗಿನ್ ಯಾರಿಗೂ ಹೇಳಬೇಡ, ಆ ಸಂಪರ್ಕವನ್ನು ಹಾಟ್‌ಸ್ಪಾಟ್ ಮಾಡಿ ಹಂಚಲೂ ಬೇಡ. ನಿನ್ನ ಇಮೇಲ್, ಪರೀಕ್ಷೆಯ ನೋಂದಣಿ ಎಲ್ಲದಕ್ಕೂ ಬಹುಶಃ ಅದೇ ಪಾಸ್‌ವರ್ಡ್ ಇರುತ್ತದೆ.

ಸಿಮ್ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ವಾರದಲ್ಲಿ ಎರಡು ದಿನ ಹೊರಗೆ ಮ್ಯಾಪ್ ನೋಡಲು ಬೇಕಾಗುವಷ್ಟು ಡೇಟಾ ಸಾಕು, ಉಳಿದದ್ದು ಈ ಹಾಟ್‌ಸ್ಪಾಟಿನಲ್ಲಿ ಆಗುತ್ತದೆ. ಫೋನಿನ ಡೇಟಾವನ್ನು ಲ್ಯಾಪ್‌ಟಾಪಿಗೆ ಕೊಡಬೇಕಾಗಿ ಬಂದರೆ ಮಾತ್ರ ಲ್ಯಾಪ್‌ಟಾಪಿನಲ್ಲಿ ಆ ವೈಫೈಯನ್ನು ಮೀಟರ್ಡ್, ಅಂದರೆ ಡೇಟಾ ಮಿತಿ ಇರುವಂಥದ್ದು, ಅಂತ ಗುರುತು ಮಾಡು. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟೇ ತಿಂಗಳ ಡೇಟಾ ನುಂಗಿಬಿಡುತ್ತದೆ.

ಮುಂದೆ ಸ್ನೇಹಿತರ ಜೊತೆ ಫ್ಲಾಟ್ ಹಿಡಿದಾಗ ಇಂಟರ್ನೆಟ್ ಒಪ್ಪಂದ ಒಬ್ಬರ ಹೆಸರಲ್ಲಿ ಆಗುತ್ತದೆ. ಮೊದಲ ಅವಧಿ 24 ತಿಂಗಳವರೆಗೂ ಇರಬಹುದು. ಅದು ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಡಿಸೆಂಬರ್ 2021ರಿಂದ ಹಾಗೆ ನಿಯಮ ಇದೆ. ನೀನು ಎರಡು ವರ್ಷ ಆ ಊರಿನಲ್ಲಿ ಇರುತ್ತೀಯಾ ಅನ್ನುವುದು ಖಚಿತ ಇಲ್ಲದಿದ್ದರೆ ನಿನ್ನ ಹೆಸರು ಕೊಡಬೇಡ. ಇಲ್ಲಿನ ಮನೆಗಳಲ್ಲಿ ಫ್ರಿಟ್ಸ್‌ಬಾಕ್ಸ್ ಅನ್ನುವ ರೂಟರ್ ಜಾಸ್ತಿ. ಅದರಲ್ಲಿ ಅತಿಥಿಗಳಿಗೆ ಬೇರೆ ವೈಫೈ ಮಾಡುವ ಸೌಕರ್ಯ ಇದೆ. ಬಂದವರಿಗೆ ಅದನ್ನು ಕೊಡು, ನಿಮ್ಮ ಸ್ವಂತದ್ದನ್ನಲ್ಲ.

ಇವತ್ತು ರಾತ್ರಿ ಹಾಟ್‌ಸ್ಪಾಟ್ ಮಾಡಿ ನೋಡು. ಫೋನು ಸೇರಿಕೊಂಡರೂ ನೆಟ್ ಬರದಿದ್ದರೆ ಆ ಪುಟದ ಫೋಟೋ ಕಳಿಸು, ಪಾಸ್‌ವರ್ಡ್ ಮುಚ್ಚಿ ಕಳಿಸು. ಮತ್ತೆ ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಡು. ಈಗ ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ನಾಲ್ಕೂವರೆ. ನೀನು ಎಂದಿನಂತೆ ರಾತ್ರಿ ಏಳಕ್ಕೆ ಕಾಲ್ ಮಾಡಿದರೆ ಅಲ್ಲಿ ಹನ್ನೊಂದೂವರೆ ಆಗಿರುತ್ತದೆ. ನಾನು ಬಂದ ವರ್ಷ ನನ್ನಮ್ಮ ನಿದ್ದೆಗೆಟ್ಟು ಕಾದು ಕೂತಿದ್ದರು. ನೀನು ಆ ದಿನದಿಂದ ಆರಕ್ಕೇ ಮಾಡು.